ಹನಿ ಇಲ್ಲಿ, ಮೂಲ ಎಲ್ಲೋ!

ತೇರಿನ ಊರಲ್ಲಿ ಕಾರಿನ ಸ್ಟೇರಿಂಗ್ ಗೊಣಗಿತು. ಸಂಗಮದ ಊರಲ್ಲಿ ಕಾಯಿಲೆ ಪತ್ತೆಯಾಯಿತು. ನಡುವೆ ದಾರಿಗೆ ಸುರಿದದ್ದು ಬರೀ ಎಣ್ಣೆ. ಪವರ್ ಸ್ಟೇರಿಂಗ್ ಸೋರಿದಾಗ ಬೇಕಾದದ್ದು ಇನ್ನೊಂದು ಡಬ್ಬಿ ಎಣ್ಣೆಯಲ್ಲ. ಒಂದು ಹಳೆಯ ಪೇಪರು, ಒಂದು ರಾತ್ರಿಯ ತಾಳ್ಮೆ.

ನಂಜನಗೂಡಿನ ದೊಡ್ಡ ಜಾತ್ರೆ. ಶ್ರೀಕಂಠೇಶ್ವರನ ಗೌತಮ ರಥ ಬೀದಿಯ ತಿರುವಿಗೆ ಬಂದು ನಿಂತಿತ್ತು. ಜನವೆಲ್ಲ ಕಳಸದತ್ತ ಮುಖ ಮಾಡಿ ಹಣ್ಣು–ಜವನ ಎಸೆಯುತ್ತಿದ್ದರು.

ಆ ಗದ್ದಲದಲ್ಲಿ ನಾಲ್ಕಾರು ಮಂದಿ ಮಾತ್ರ ಮೇಲೆ ನೋಡುತ್ತಿರಲಿಲ್ಲ. ಬಗ್ಗಿ ಗಾಲಿಯನ್ನೇ ನೋಡುತ್ತಿದ್ದರು. ಕೈಯಲ್ಲಿ ಮರದ ತುಂಡು. ಅದು ಸರಕ್ಕನೆ ಒಂದು ಗಾಲಿಯಡಿ ಬಿತ್ತು. ಜೈಕಾರ ಎದ್ದಿತು, ಹಗ್ಗ ಬಿಗಿಯಿತು. ಬೆಟ್ಟದಂಥ ತೇರು ಕರಕರ ಎನ್ನುತ್ತಾ ಒಂದು ಗೇಣು ದಿಕ್ಕು ಬದಲಿಸಿತು. ಮತ್ತೆ ತುಂಡು, ಮತ್ತೆ ಜೈಕಾರ, ಮತ್ತೊಂದು ಗೇಣು.

ತೇರಿಗೆ ಸ್ಟೇರಿಂಗ್ ಇಲ್ಲ. ಸಾವಿರಾರು ಕೈಗಳೇ ಅದರ ಪವರ್, ಆ ಮರದ ತುಂಡೇ ಸ್ಟೇರಿಂಗ್. ಅಷ್ಟು ಜನ ಸೇರಿ ಮಾಡುವ ಕೆಲಸವನ್ನು ಕಾರಿನಲ್ಲಿ ನಾವು ಒಂದೇ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಕಡಲೆಕಾಯಿ ತಿನ್ನುತ್ತಾ ಮಾಡುತ್ತೇವೆ. ಆ ಸುಖಕ್ಕೆ ಕಾರಣವಾದ ಒಂದು ಲೀಟರಿನಷ್ಟು ಎಣ್ಣೆ ನೆನಪಾಗುವುದು, ಅದು ನೆಲಕ್ಕೆ ಬಿದ್ದಾಗ ಮಾತ್ರ.

ಕುಂಕುಮವಲ್ಲ, ಎಣ್ಣೆ

ನನಗೆ ನೆನಪಾದದ್ದು ಅದೇ ದಿನ. ತೇರು ನೋಡಿ, ಕಪಿಲೆಯಲ್ಲಿ ಕಾಲು ತೊಳೆದು ಗಾಡಿಯ ಹತ್ತಿರ ಬಂದೆವು. ಏಳು ಸೀಟಿನ ಹಳೆಯ ಡೀಸೆಲ್ ಗಾಡಿ. ಬೆಳಿಗ್ಗೆ ಅದನ್ನು ಇಕ್ಕಟ್ಟಿನ ಸಂದಿಯಲ್ಲಿ ತುರುಕುವಾಗ ನಿಂತಲ್ಲೇ ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ಹತ್ತು ಸಲ ತಿರುಗಿಸಿದ್ದೆ. ಆಗಲೇ ಬಾನೆಟ್ಟಿನೊಳಗೆ ಕೋಣ ಗುಟುರು ಹಾಕಿದಂಥ ಸದ್ದು ಬಂದಿತ್ತು. ಜಾತ್ರೆಯ ತಮಟೆ ಸದ್ದಿನಲ್ಲಿ ಅದನ್ನು ಕೇಳಿಯೂ ಕೇಳದವನಂತೆ ಇದ್ದೆ.

ಈಗ ಮುಂದಿನ ಎಡಗಾಲಿಯ ಹಿಂದೆ, ದೂಳಿನಲ್ಲಿ ಅಂಗೈಯಗಲ ಕೆಂಪು. ಪಕ್ಕದಲ್ಲಿ ಹೂ ಮಾರುತ್ತಿದ್ದ ಅಜ್ಜಿ ಎಚ್ಚರಿಸಿದಳು: ‘ಕುಂಕುಮ ಚೆಲ್ಬುಟ್ಟದೆ ಕಣಪ್ಪ, ತುಳೀಬ್ಯಾಡ.’

ಬೆರಳಲ್ಲಿ ಮುಟ್ಟಿದೆ. ಜಾರಿತು. ಬಾನೆಟ್ ತೆಗೆದರೆ ಸ್ಟೇರಿಂಗ್ ಎಣ್ಣೆಯ ಡಬ್ಬಿಯಲ್ಲಿ ಎಣ್ಣೆ ಕೆಳಗಿನ ಗೆರೆಗಿಂತಲೂ ಕೆಳಗೆ ಇಳಿದಿತ್ತು. ಉಳಿದದ್ದರ ಮೇಲೆ ಮಜ್ಜಿಗೆ ಕಡೆದಂತೆ ನೊರೆ.

ಬೆರಳು ನಮ್ಮದು, ಬಲ ಎಣ್ಣೆಯದು

ಎಣ್ಣೆಯಿಂದ ನಡೆಯುವ ಪವರ್ ಸ್ಟೇರಿಂಗಿನದು ಪುಟ್ಟ ಸಂಸಾರ. ಎಣ್ಣೆ ಇಡುವ ಡಬ್ಬಿ. ಎಂಜಿನ್ನಿನ ಬೆಲ್ಟು ತಿರುಗಿಸುವ ಪಂಪು. ಒತ್ತಡದ ಎಣ್ಣೆ ಹೊತ್ತೊಯ್ಯುವ ಗಟ್ಟಿ ಪೈಪು. ಗಾಲಿಗಳನ್ನು ಎಡಕ್ಕೋ ಬಲಕ್ಕೋ ತಳ್ಳುವ ರ‍್ಯಾಕು. ಕೆಲಸ ಮುಗಿಸಿದ ಎಣ್ಣೆಯನ್ನು ಡಬ್ಬಿಗೆ ಮರಳಿಸುವ ರಿಟರ್ನ್ ಪೈಪು.

ಚಾಲಕನ ಮನಸ್ಸು ಎಣ್ಣೆಗೆ ತಿಳಿಯುವುದು ಹೇಗೆ? ಸ್ಟೇರಿಂಗ್ ಕಂಬದ ಬುಡದಲ್ಲಿ ಬಳಪದಷ್ಟು ತೆಳುವಾದ ಒಂದು ಉಕ್ಕಿನ ಸರಳಿದೆ. ನಾವು ಚಕ್ರ ತಿರುಗಿಸಿದರೂ ರಸ್ತೆಗೆ ಕಚ್ಚಿಕೊಂಡ ಟೈರು ತಕ್ಷಣ ಒಪ್ಪುವುದಿಲ್ಲ. ಆ ಜಗ್ಗಾಟದಲ್ಲಿ ಸರಳು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಅಷ್ಟರಿಂದಲೇ ಸುತ್ತಲಿನ ವಾಲ್ವಿನ ಕಿಂಡಿ ಒಂದು ಕಡೆ ತೆರೆದು ಇನ್ನೊಂದು ಕಡೆ ಮುಚ್ಚುತ್ತದೆ. ತೆರೆದ ಕಡೆಗೆ ನುಗ್ಗಿದ ಎಣ್ಣೆ ರ‍್ಯಾಕನ್ನು ತಳ್ಳುತ್ತದೆ.

ನೇರ ರಸ್ತೆಯಲ್ಲಿ ಎಣ್ಣೆಗೆ ಹೆಚ್ಚು ಕೆಲಸವಿಲ್ಲ, ಸುಮ್ಮನೆ ಸುತ್ತುತ್ತಿರುತ್ತದೆ. ನಿಂತಲ್ಲೇ ಪೂರ್ತಿ ತಿರುಗಿಸಿದಾಗ ಒತ್ತಡ ಚದರ ಇಂಚಿಗೆ 1,000 ಪೌಂಡನ್ನೂ ದಾಟುತ್ತದೆ. ಕಾರಿನ ಟೈರಿಗೆ ನಾವು ಹಾಕಿಸುವ ಗಾಳಿ 30ರ ಆಸುಪಾಸು ಎಂಬುದನ್ನು ನೆನೆದರೆ ಇದರ ಅಂದಾಜು ಸಿಗುತ್ತದೆ. ಇದರಿಂದಲೇ ಎಷ್ಟೋ ಸೋರಿಕೆಗಳು ಹೆದ್ದಾರಿಯಲ್ಲಿ ಬಚ್ಚಿಟ್ಟುಕೊಂಡು, ಪಾರ್ಕಿಂಗಿನಲ್ಲಿ ಬಯಲಿಗೆ ಬರುತ್ತವೆ.

■ ಸೋರಿಕೆ ಕಲಿಸಿದ ಜಾಣತನ

*ಅಮೆರಿಕದ ಪಿಯರ್ಸ್–ಆ್ಯರೋ ಕಂಪನಿಯ ಲಾರಿ ವಿಭಾಗದಲ್ಲಿದ್ದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಕೆಲಸ ಬಿಟ್ಟು ಸ್ವಂತ ಪ್ರಯೋಗಕ್ಕೆ ಇಳಿದರು. 1926ರಲ್ಲಿ ಅವರ ಪವರ್ ಸ್ಟೇರಿಂಗ್ ಕಾರಿನಲ್ಲಿ ಓಡಿತು.*

*ಎಣ್ಣೆಯನ್ನು ಸದಾ ಒತ್ತಡದಲ್ಲಿ ಹಿಡಿದಿಟ್ಟರೆ ಸೀಲುಗಳು ಸೋರುತ್ತವೆ. ಡೇವಿಸ್ ವಾಲ್ವನ್ನು ತೆರೆದೇ ಇಟ್ಟು ಎಣ್ಣೆ ಹರಿಯುತ್ತಿರುವಂತೆ ಮಾಡಿದರು. ಚಕ್ರ ತಿರುಗಿಸಿದಾಗ ಮಾತ್ರ ಒತ್ತಡ ಏರುವಂತೆ ಜೋಡಿಸಿದರು. ಎರಡನೇ ಮಹಾಯುದ್ಧದಲ್ಲಿ ಈ ವಿದ್ಯೆ ಸೇನಾ ವಾಹನಗಳಿಗೆ ಒದಗಿತು. ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮೂಲಕ.*

ದಾರಿಯುದ್ದ ಎಣ್ಣೆಸೇವೆ

ನಂಜನಗೂಡಿನಲ್ಲೇ ಒಂದು ಕಡೆ ತೋರಿಸಿದೆ. ಅಲ್ಲಿನ ಹುಡುಗ ಬಗ್ಗಿಯೂ ನೋಡಲಿಲ್ಲ. ‘ರ‍್ಯಾಕೇ ಹೋಗ್ಬುಟ್ಟದೆ ಸಾರ್, ಇಳಿಸ್ಬೇಕು’ ಎಂದ. ರ‍್ಯಾಕ್ ಎಂದರೆ ಸಾವಿರಗಳ ಮಾತು. ಎದೆ ಧಸಕ್ಕೆಂದಿತು. ಒಂದು ಲೀಟರ್ ಎಣ್ಣೆ ಕೊಂಡು, ತಿ. ನರಸೀಪುರದ ಅಕ್ಕನ ಮನೆ ಸೇರಿದರೆ ಸಾಕೆಂದು ಸುತ್ತೂರಿನ ದಾರಿ ಹಿಡಿದೆ.

ಆ ದಾರಿಯಲ್ಲಿ ಭತ್ತದ ಗದ್ದೆ, ಕಬ್ಬಿನ ಹೊಲಗಳ ಆಚೆ ಎಲ್ಲೋ ಕಪಿಲೆ ಜತೆಗೇ ಬರುತ್ತಿರುತ್ತಾಳೆ. ಆ ದಿನ ನನಗೆ ಹೊಳೆಯೂ ಕಾಣಲಿಲ್ಲ, ಗದ್ದೆಯೂ ಕಾಣಲಿಲ್ಲ. ಎರಡು ಸಲ ನಿಲ್ಲಿಸಿ ಡಬ್ಬಿಗೆ ಎಣ್ಣೆ ಹೊಯ್ದೆ. ಹೊಯ್ದ ಕೂಡಲೇ ಸ್ಟೇರಿಂಗ್ ಬೆಣ್ಣೆ. ಸ್ವಲ್ಪ ದೂರ ಹೋದರೆ ಮತ್ತೆ ಕೋಣ.

ಸದ್ದಿಗೆ ಕಾರಣ ಗಾಳಿ. ಎಣ್ಣೆ ತಗ್ಗಿದರೆ ಪಂಪು ಎಣ್ಣೆಯ ಜತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಬಲ ಸಾಗಿಸಬೇಕಾದ ಎಣ್ಣೆಯಲ್ಲಿ ಗುಳ್ಳೆ ಸೇರಿದಾಗ ಪಂಪು ನರಳುತ್ತದೆ. ಎಣ್ಣೆಯೇ ಅದಕ್ಕೆ ಜಾರುಪದರವೂ ಆದ್ದರಿಂದ, ಹೀಗೇ ಓಡಿಸುತ್ತಿದ್ದರೆ ಸಣ್ಣ ಪೈಪಿನ ತಪ್ಪಿಗೆ ಪಂಪು ಸಾಯುತ್ತದೆ.

ಎಣ್ಣೆ ಪೂರ್ತಿ ಖಾಲಿಯಾದರೂ ಸ್ಟೇರಿಂಗ್ ಕಡಿದುಹೋಗುವುದಿಲ್ಲ ಎಂಬುದೊಂದೇ ಸಮಾಧಾನ. ಚಕ್ರಕ್ಕೂ ಗಾಲಿಗೂ ಕಬ್ಬಿಣದ ನಂಟು ಇದ್ದೇ ಇರುತ್ತದೆ. ಆದರೆ ಬೆರಳಲ್ಲಿ ಆಗುತ್ತಿದ್ದ ಕೆಲಸಕ್ಕೆ ರಟ್ಟೆ ಬೇಕು. ತಿರುವಿನ ನಡುವೆ ಈ ಬದಲಾವಣೆ ಆದರೆ ಕೈ ಸಿದ್ಧವಿರುವುದಿಲ್ಲ. ಅಪಾಯ ಇರುವುದು ಅಲ್ಲಿ.

ಪೇಪರ್ ಹಾಸಿದ ರಾತ್ರಿ

ಭಾವ ಸಂಜೆ ತಮಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಹಚ್ಚಿಕೊಟ್ಟರು. ವಯಸ್ಸಾದ ದನಿ.

‘ಇವತ್ತು ಮುಟ್ಟಲ್ಲ ಸಾರ್. ರಾತ್ರಿ ಗಾಡಿ ಅಡಿಕೆ ಪೇಪರ್ ಹಾಸಿ. ಯಾವ ಕಡೀಕೆ ಯಾವ ಚಕ್ರ ಅಂತ ಪೆನ್ನಲ್ಲಿ ಗುರುತು ಮಾಡಿ. ಬೆಳಿಗ್ಗೆ ಗಾಡಿ ಜತೆಗೆ ಪೇಪರೂ ತನ್ನಿ.’

ಅಕ್ಕನ ಮನೆಯ ರದ್ದಿಯಿಂದ ನಾಲ್ಕು ಹಾಳೆ ಎತ್ತಿ, ಗಾಳಿಗೆ ಹಾರದಂತೆ ಕಲ್ಲಿಟ್ಟು ಹಾಸಿದೆ. ಬೆಳಿಗ್ಗೆ ಅದನ್ನು ಜಾತಕದಂತೆ ಮಡಚಿಕೊಂಡು ಶೆಡ್ಡಿಗೆ ಹೋದೆವು.

ಅವರು ಮೊದಲು ಬಿಚ್ಚಿದ್ದು ಪೇಪರನ್ನು, ಬಾನೆಟ್ಟನ್ನಲ್ಲ. ಎಡಗಡೆ ಐದಾರು ಕೆಂಪು ಹನಿ. ನಡುವೆ ಒಂದು ಕಪ್ಪು ಚುಕ್ಕೆ. ಬಲಗಡೆ ಒದ್ದೆಯಾಗಿ ಒಣಗಿದ ಗುರುತು, ಬಣ್ಣವೇ ಇಲ್ಲ. ‘ಬಣ್ಣ ಇಲ್ದೆ ಇರೋದು ಏಸಿ ನೀರು, ಬುಡಿ. ಕಪ್ಪುದು ಎಂಜಿನ್ ಆಯಿಲ್, ಆಮೇಲೆ ನೋಡವ. ಕೆಂಪಿಂದೇ ಕತೆ.’

■ ನೆಲದ ಹನಿ ಏನು ಹೇಳುತ್ತದೆ?

*ಕೆಂಪು ಅಥವಾ ಗುಲಾಬಿ, ಜಾರುತ್ತದೆ: ಪವರ್ ಸ್ಟೇರಿಂಗ್ ಇಲ್ಲವೇ ಆಟೊಮ್ಯಾಟಿಕ್ ಗೇರ್ ಎಣ್ಣೆ. ಹಳತಾದರೆ ಕಂದಾಗುತ್ತದೆ. ಕೆಲವು ಕಂಪನಿಗಳ ಸ್ಟೇರಿಂಗ್ ಎಣ್ಣೆ ಹಸಿರು ಅಥವಾ ತಿಳಿಹಳದಿ.*

*ಕಂದು–ಕಪ್ಪು, ಕರಕು ವಾಸನೆ: ಎಂಜಿನ್ ಆಯಿಲ್.*

*ಹಸಿರು, ಕೆಂಪು ಅಥವಾ ನೀಲಿ, ನೀರಿನಂತೆ ತೆಳು, ಸಿಹಿ ವಾಸನೆ: ರೇಡಿಯೇಟರ್ ಕೂಲಂಟ್. ವಿಷ, ನಾಯಿ–ಬೆಕ್ಕು ನೆಕ್ಕದಂತೆ ತಕ್ಷಣ ತೊಳೆಯಿರಿ.*

*ತಿಳಿಹಳದಿ, ಗಾಲಿಯ ಒಳಮೈಯಲ್ಲಿ ಒದ್ದೆ: ಬ್ರೇಕ್ ಆಯಿಲ್ ಇರಬಹುದು. ಗಾಡಿ ಓಡಿಸಬೇಡಿ.*

*ಬಣ್ಣ, ವಾಸನೆ ಎರಡೂ ಇಲ್ಲ: ಏಸಿಯ ನೀರು. ನಿಶ್ಚಿಂತೆ.*

‘ಹೊಳೆ ಸಂಗಮದಲ್ಲಿ ಹುಟ್ಟಲ್ಲ’

ಎಡಗಾಲಿಯ ಹಿಂದೆ ಹನಿ ಬಿದ್ದಿದೆ. ಅಲ್ಲಿ ರ‍್ಯಾಕಿನ ಎಡತುದಿ ಇದೆ. ಆದ್ದರಿಂದ ರ‍್ಯಾಕ್ ಹೋಗಿದೆ. ನಂಜನಗೂಡಿನ ಹುಡುಗನ ತರ್ಕ ಇದು. ನನಗೂ ಅದು ಸರಿಯೆನಿಸಿತ್ತು.

ಮೆಕ್ಯಾನಿಕ್ ಒಪ್ಪಲಿಲ್ಲ. ರ‍್ಯಾಕಿನ ತುದಿಯಲ್ಲಿ ಹಾರ್ಮೋನಿಯಂ ತಿದಿಯಂಥ ರಬ್ಬರ್ ಬೂಟಿರುತ್ತದೆ. ಒಳಗಿನ ಸೀಲು ಹೋದರೆ ಎಣ್ಣೆ ಮೊದಲು ಅದರೊಳಗೆ ತುಂಬಿಕೊಳ್ಳುತ್ತದೆ. ಅವರು ಎರಡೂ ಬೂಟುಗಳನ್ನು ಹಿಚುಕಿ ನೋಡಿದರು. ಬಳಿಕ ಕ್ಲಿಪ್ ಸಡಿಲಿಸಿ ಒಳಗೆ ಬೆರಳಾಡಿಸಿದರು. ಒಣ. ಎರಡನ್ನೂ ಏಕೆ ನೋಡಬೇಕು? ಎಷ್ಟೋ ಗಾಡಿಗಳಲ್ಲಿ ಎರಡು ಬೂಟುಗಳಿಗೂ ಗಾಳಿಯಾಡಲು ಒಂದು ಸಣ್ಣ ಕೊಳವೆಯ ಸಂಪರ್ಕವಿರುತ್ತದೆ. ಬಲಗಡೆ ಸೋರಿದ ಎಣ್ಣೆ ಎಡಗಡೆ ಇಳಿದುಬಿಡಬಹುದು.

ಆಮೇಲಿನದು ಸ್ನಾನ. ಎಂಜಿನ್ನಿನ ಆ ಭಾಗವನ್ನೆಲ್ಲ ತೊಳೆದು, ಗಾಳಿ ಹೊಡೆದು ಒಣಗಿಸಿದರು. ಹಳೆಯ ಜಿಡ್ಡಿನ ಮೇಲೆ ಹೊಸ ಸೋರಿಕೆ ಹುಡುಕುವುದು ಗೀಚಿದ ಹಾಳೆಯ ಮೇಲೆ ಅಕ್ಷರ ಹುಡುಕಿದಂತೆ. ಒಣಗಿದ ಪೈಪು, ಪಂಪುಗಳ ಮೇಲೆ ಮೈಗೆ ಹಚ್ಚುವ ಪೌಡರ್ ಉದುರಿಸಿದರು. ಎಂಜಿನ್ನಿಗೆ ವಿಭೂತಿ ಬಳಿದಂತಾಯಿತು.

‘ಈಗ ಚಾಲೂ ಮಾಡಿ. ಚಕ್ರ ಆ ತುದಿ, ಈ ತುದಿ ತಿರುಗ್ಸಿ. ತುದೀಲಿ ವಸಿ ನಿಲ್ಸಿ, ಬುಟ್ಟುಬುಡಿ.’

ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಒತ್ತಿಹಿಡಿಯಬಾರದು. ಒತ್ತಡ ಅಲ್ಲಿ ಪರಾಕಾಷ್ಠೆಗೆ ಏರಿ ಎಣ್ಣೆ ಕಾಯುತ್ತದೆ. ಮೂರನೇ ಸಲ ತಿರುಗಿಸುವಷ್ಟರಲ್ಲಿ ಅವರು ಟಾರ್ಚು ಬಿಟ್ಟು ಕರೆದರು.

ಬಿಳಿ ಪೌಡರಿನ ಮೇಲೆ ಕೆಂಪು ಗೆರೆಯೊಂದು ಮೂಡಿತ್ತು. ಶುರುವಾದದ್ದು ಮೇಲೆ, ಬಲಗಡೆ, ಡಬ್ಬಿಗೆ ರಿಟರ್ನ್ ಪೈಪು ಸೇರುವ ಕಡೆ. ಅಲ್ಲಿಂದ ಪೈಪಿನ ಹೊಟ್ಟೆಗುಂಟ ಜಾರಿ, ಅಡ್ಡಪಟ್ಟಿಗೆ ಇಳಿದು, ಅದರಂಚಿನಲ್ಲಿ ಎಡಕ್ಕೆ ಹರಿದು, ತಗ್ಗು ಸಿಕ್ಕಿದ ಜಾಗದಲ್ಲಿ ತೊಟ್ಟಿಕ್ಕುತ್ತಿತ್ತು. ಆ ತಗ್ಗು ರ‍್ಯಾಕಿನ ಎಡತುದಿಯ ಪಕ್ಕದಲ್ಲೇ ಇತ್ತು.

‘ಹನಿ ಬಿದ್ದಿರೋದು ಇಲ್ಲಿ, ಹೊಂಟಿರೋದು ಅಲ್ಲಿ. ಹೊಳೆ ಸಂಗಮದಲ್ಲಿ ಹುಟ್ಟಲ್ಲ ಸಾರ್.’

ಈ ಮಾತನ್ನು ಹೇಳಲು ತಿ. ನರಸೀಪುರದವರಿಗಿಂತ ಹಕ್ಕುದಾರರು ಬೇಕೆ? ಕಾವೇರಿ, ಕಪಿಲೆ, ಸ್ಫಟಿಕ ಸರೋವರಗಳ ತ್ರಿವೇಣಿ ಎಂದು 1989ರಿಂದ ಇಲ್ಲಿ ಕುಂಭಮೇಳ ನಡೆಯುತ್ತಿದೆ. 2025ರ ಫೆಬ್ರುವರಿಯಲ್ಲೂ ಜನ ಮುಳುಗೆದ್ದರು. ನಾವು ಮುಳುಗುವುದು ಇಲ್ಲಿ. ಕಪಿಲೆ ಹೊರಟದ್ದು ವಯನಾಡಿನ ಗುಡ್ಡಗಳಿಂದ, ಕಾವೇರಿ ಹೊರಟದ್ದು ಕೊಡಗಿನಿಂದ.

ಅಗ್ಗದ ಮೆಟ್ಟಿಲಿನಿಂದ ಏರಿ

ಸೋರಿಕೆ ಹುಡುಕುವುದಕ್ಕೂ ಒಂದು ಏಣಿಯಿದೆ. ಕೆಳಗಿನ ಮೆಟ್ಟಿಲು ಅಗ್ಗ, ಮೇಲಿನದು ದುಬಾರಿ. ಹತ್ತುವವರು ಕೆಳಗಿನಿಂದ ಹತ್ತಬೇಕು.

ಮೊದಲನೆಯದು ಡಬ್ಬಿ, ಅದರ ಮುಚ್ಚಳ ಮತ್ತು ರಿಟರ್ನ್ ಪೈಪಿನ ಕ್ಲಿಪ್ಪುಗಳು. ಇಲ್ಲಿ ಒತ್ತಡ ಕಡಿಮೆ. ಎಂಜಿನ್ನಿನ ಕಾವಿಗೆ ರಬ್ಬರು ಗಟ್ಟಿಯಾಗಿ ಸೀಳುತ್ತದೆ, ಕ್ಲಿಪ್ಪಿನ ಬಿಗಿ ಹೋಗುತ್ತದೆ. ನನ್ನ ಗಾಡಿಯದು ಇದೇ. ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುವ ಕೆಲಸ.

ಎರಡನೆಯದು ಒತ್ತಡದ ಪೈಪು. ಇದರ ದೌರ್ಬಲ್ಯ ಲೋಹವೂ ರಬ್ಬರೂ ಸೇರುವ ಬಿಗಿತದ ಕಡೆ. ಇಲ್ಲಿ ಕೈಯಾಡಿಸಿ ಸೋರಿಕೆ ಹುಡುಕಬಾರದು. ಸೂಜಿಮೊನೆಯಂಥ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಕ್ಕೇ ಹೊಗಬಲ್ಲದು. ರಟ್ಟಿನ ಚೂರು ಹಿಡಿದು ನೋಡಬೇಕು.

ಮೂರನೆಯದು ಪಂಪು. ಅದರ ದಂಡದ ಸುತ್ತಲ ಸೀಲು ಸವೆದರೆ ಪುಲ್ಲಿಯ ಹಿಂದೆ ಒದ್ದೆ, ಬೆಲ್ಟಿಗೆ ಎಣ್ಣೆ ಸಿಡಿದು ಕಿರ್ರೆನ್ನುವ ಸದ್ದು.

ಕೊನೆಯದು ರ‍್ಯಾಕು. ಬೂಟಿನೊಳಗೆ ಎಣ್ಣೆ ಇದ್ದರೆ, ಇಲ್ಲವೇ ಸ್ಟೇರಿಂಗ್ ಕಂಬ ರ‍್ಯಾಕಿಗೆ ಸೇರುವ ಕಡೆ ಒದ್ದೆ ಇದ್ದರೆ ಮಾತ್ರ ಇದರ ಸರದಿ. ಇಳಿಸುವುದೇ ಆದರೆ ಚಕ್ರವನ್ನು ನೇರಕ್ಕೆ ಕಟ್ಟಿಹಾಕಬೇಕು. ಅದು ಮನಬಂದಂತೆ ತಿರುಗಿದರೆ ಏರ್‌ಬ್ಯಾಗಿಗೆ ಕರೆಂಟು ಒಯ್ಯುವ ಸುರುಳಿ ತುಂಡಾಗುತ್ತದೆ. ಮರಳಿ ಕೂರಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ತಪ್ಪಿಸುವಂತಿಲ್ಲ.

■ ಇಷ್ಟನ್ನು ಮಾತ್ರ ಮಾಡಬೇಡಿ

*ಬ್ರೇಕ್ ಆಯಿಲ್ ಸುರಿಯಬೇಡಿ. ಎರಡೂ ‘ಆಯಿಲ್’ ಎಂದರೂ ಜಾತಿ ಬೇರೆ. ಸ್ಟೇರಿಂಗಿನ ರಬ್ಬರ್ ಸೀಲುಗಳು ಅದರಲ್ಲಿ ಉಬ್ಬಿ ಹಾಳಾಗುತ್ತವೆ.*

*ಸಿಕ್ಕಿದ ಎಣ್ಣೆ ಬೆರೆಸಬೇಡಿ. ಯಾವುದು ಬೇಕೆಂದು ಡಬ್ಬಿಯ ಮುಚ್ಚಳ ಅಥವಾ ಗಾಡಿಯ ಕೈಪಿಡಿ ಹೇಳುತ್ತದೆ.*

*‘ಸೋರಿಕೆ ನಿಲ್ಲಿಸುವ’ ಬಾಟಲಿಯನ್ನು ರಿಪೇರಿ ಎಂದುಕೊಳ್ಳಬೇಡಿ. ಅದು ಮುದಿ ಸೀಲನ್ನು ಕೊಂಚ ಉಬ್ಬಿಸುತ್ತದೆ, ಅಷ್ಟೇ. ಸೀಳಿದ ಪೈಪಿಗೆ, ಸಡಿಲ ಕ್ಲಿಪ್ಪಿಗೆ ಅದು ಏನೂ ಮಾಡದು.*

*ಬರೀ ಜಾಕಿನ ಮೇಲೆ ನಿಂತ ಗಾಡಿಯಡಿ ನುಸುಳಬೇಡಿ. ಸ್ಟ್ಯಾಂಡ್ ಕೊಡಿ.*

ಪೈಪು ಕೂತಿತು, ಗಾಳಿ ಹೊರಟಿತು

ಹೊಸ ಪೈಪು, ಹೊಸ ಕ್ಲಿಪ್ಪು ಹಾಕಲು ಅರ್ಧ ಗಂಟೆ. ಪೈಪನ್ನು ಅವರು ಗೇಣಳತೆಯಲ್ಲಿ ಕತ್ತರಿಸಲಿಲ್ಲ. ಹಳೆಯದನ್ನು ಪಕ್ಕದಲ್ಲಿಟ್ಟು, ಮೈಮೇಲಿನ ಅಚ್ಚು ಓದಿ, ಬಿಸಿ ಎಣ್ಣೆಗೆ ತಾಳುವ ಪೈಪೇ ಎಂದು ಖಾತ್ರಿ ಮಾಡಿಕೊಂಡರು. ‘ನೀರಿನ ಪೈಪ್ ಸಿಗಿಸಿ ಕಳಿಸೋರೂ ಅವ್ರೆ. ಒಂದು ತಿಂಗ್ಳು ಬರ್ತದೆ.’

ಗಾಳಿ ತೆಗೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಮುಂದಿನ ಎರಡೂ ಗಾಲಿಗಳನ್ನು ನೆಲದಿಂದ ಎತ್ತಿ, ಎಂಜಿನ್ ಆರಿಸಿಯೇ ಚಕ್ರವನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಸಲ ನಿಧಾನವಾಗಿ ತಿರುಗಿಸಬೇಕು. ಡಬ್ಬಿಯಲ್ಲಿ ಗುಳ್ಳೆ ಏಳುತ್ತದೆ, ಎಣ್ಣೆ ಇಳಿಯುತ್ತದೆ, ಮತ್ತೆ ತುಂಬಬೇಕು. ಗುಳ್ಳೆ ನಿಂತ ಮೇಲೆ ಎಂಜಿನ್ ಚಾಲೂ ಮಾಡಿ ಮತ್ತೆ ಅದೇ. ಅವಸರಕ್ಕೆ ಮೊದಲೇ ಚಾಲೂ ಮಾಡಿದರೆ ಪಂಪು ಗಾಳಿಯನ್ನು ಎಣ್ಣೆಯೊಳಗೆ ಕಡೆದುಬಿಡುತ್ತದೆ. ಆ ನೊರೆ ಇಳಿಯಲು ಗಂಟೆಗಟ್ಟಲೆ ಕಾಯಬೇಕು.

ಇಪ್ಪತ್ತನೆಯ ಸುತ್ತಿಗೆ ನನ್ನ ರಟ್ಟೆ ಸೋತಿತ್ತು. ಹಗ್ಗ ಹಿಡಿದವರ ಕಷ್ಟ ಆಗ ತಿಳಿಯಿತು.

ಹಳೆಯ ಎಣ್ಣೆಯನ್ನು ಅವರು ಚರಂಡಿಗೆ ಚೆಲ್ಲಲಿಲ್ಲ. ಮೂಲೆಯ ಕ್ಯಾನಿಗೆ ಸುರಿದರು. ಹಳೇ ಎಣ್ಣೆ ಕೊಳ್ಳುವವರು ಬಂದು ಒಯ್ಯುತ್ತಾರಂತೆ. ‘ಇಲ್ಲಿ ಚೆಲ್ಲಿದ್ದು ಎಲ್ಲಿಗೆ ಹೋಗದು ಸಾರ್? ಹೊಳೀಗೇ ತಾನೆ?’ ನಂಜನಗೂಡಿನ ದೂಳಿನಲ್ಲಿ ನಾನು ಬಿಟ್ಟುಬಂದ ಕುಂಕುಮ ನೆನಪಾಯಿತು. ಮೊದಲ ಮಳೆಗೆ ಅದೂ ಕಪಿಲೆಯ ಪಾಲೇ.

ಎಣ್ಣೆಯ ಕಾಲ ಮುಗಿಯಿತೆ?

ಕಾರುಗಳ ಮಟ್ಟಿಗೆ ಮುಗಿಯುತ್ತಾ ಬಂದಿದೆ. 1988ರಲ್ಲಿ ಜಪಾನಿನ ಸುಜುಕಿ ಸರ್ವೊ ಕಾರಿನಲ್ಲಿ ಪಂಪು, ಪೈಪುಗಳ ಬದಲು ವಿದ್ಯುತ್ ಮೋಟಾರು ಸ್ಟೇರಿಂಗಿಗೆ ಹೆಗಲು ಕೊಟ್ಟಿತು. ಈಗಿನ ಬಹುಪಾಲು ಕಾರುಗಳದು ಅದೇ ದಾರಿ. ಸೋರಲು ಅಲ್ಲಿ ಎಣ್ಣೆಯೇ ಇಲ್ಲ. ಬೇಕಾದಾಗ ಮಾತ್ರ ಕರೆಂಟು ಬಳಸುವುದರಿಂದ ಇಂಧನವೂ ಉಳಿಯುತ್ತದೆ. ಕೆಟ್ಟರೆ ಮಾತ್ರ ಪೌಡರು, ಪೇಪರು ಉಪಯೋಗಕ್ಕೆ ಬರುವುದಿಲ್ಲ, ಕಂಪ್ಯೂಟರ್ ಬೇಕು.

ಆದರೆ ಈ ಸೀಮೆಯ ರಸ್ತೆಯಲ್ಲಿ ಎಣ್ಣೆಗೆ ಇನ್ನೂ ಕೈತುಂಬ ಕೆಲಸ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರು, ಭತ್ತ ಕೊಯ್ಯುವ ಯಂತ್ರ, ಮಣ್ಣು ಬಗೆಯುವ ಜೆಸಿಬಿ, ಬಸ್ಸು, ಲಾರಿ, ಹಳೆಯ ಬಾಡಿಗೆ ಗಾಡಿಗಳು. ಇವೆಲ್ಲದರ ಭಾರ ತಿರುಗುವುದು ಪೈಪಿನೊಳಗಿನ ಎಣ್ಣೆಯಿಂದ. ಅವುಗಳಡಿಯ ಹನಿಗಳಿಗೂ ಇದೇ ನಿಯಮ: ತೊಳೆ, ಒಣಗಿಸು, ಮೇಲಕ್ಕೆ ನೋಡು.

ಆ ರಾತ್ರಿ ಅಕ್ಕನ ಮನೆಯ ಅಂಗಳದಲ್ಲಿ ಮತ್ತೆ ಪೇಪರ್ ಹಾಸಿದೆ. ಬೆಳಿಗ್ಗೆ ಎಡಗಡೆ ಒಂದು ಹನಿಯೂ ಇರಲಿಲ್ಲ. ನಡುವಿನ ಕಪ್ಪು ಚುಕ್ಕೆ ಮಾತ್ರ ಇದ್ದಲ್ಲೇ ಇತ್ತು. ಅದರದು ಇನ್ನೊಂದು ಭಾನುವಾರದ ಕತೆ.

ಅಂದಹಾಗೆ, ಈ ಪುರವಣಿಯನ್ನು ಓದಿ ರದ್ದಿಗೆ ಹಾಕಬೇಡಿ. ಇವತ್ತು ರಾತ್ರಿ ನಿಮ್ಮ ಗಾಡಿಯ ಅಡಿ ಹಾಸಿ. ನಾಳೆ ಬೆಳಿಗ್ಗೆ ನಿಮಗಿಂತ ಮೊದಲು ಅದನ್ನು ನಿಮ್ಮ ಮೆಕ್ಯಾನಿಕ್ ಓದಲಿ.